ಅಕ್ಕಾ ಎಂದು ಕರೆದ ದನಿ

ಆಸ್ಪತ್ರೆಗೆ ಫೋನ್ ಮಾಡುವವರಲ್ಲಿ ನೆಮ್ಮದಿಯಾಗಿರುವವರು ಕಡಿಮೆ. ಮೂವತ್ತೊಂದು ವರ್ಷ ಅಂಥವರ ಫೋನುಗಳನ್ನೆಲ್ಲ ಎತ್ತಿದವರು ನಮ್ಮ ಹಲೋ ಅಕ್ಕ. ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ. ಅದರಲ್ಲಿ ಸ್ವಿಚ್‌ಬೋರ್ಡು, ಕಿರುಗುಟ್ಟುವ ಒಂದು ಫ್ಯಾನು, ಬೆನ್ನಿಗೆ ದಿಂಬು ಕಟ್ಟಿದ ಕುರ್ಚಿ. ಗೋಡೆಯ ಆಚೆಗೆ ರೋಗಿಗಳ ಹಳೆಯ ಕಾಗದಪತ್ರ ಇಡುವ ರೆಕಾರ್ಡ್ ರೂಮು, ಅದು ನನ್ನದು. ಗೋಡೆ ಎಷ್ಟು ತೆಳುವಾಗಿತ್ತೆಂದರೆ ಅವರು ಮಾತಾಡುವುದನ್ನು ಕೇಳಿಸಿಕೊಂಡೇ ನನ್ನ ಕೂದಲು ನೆರೆಯಿತು.

"ಹಲೋ, ಹೇಳಿ" ಎನ್ನುತ್ತಿದ್ದರು. ಅಷ್ಟೇ. ಆದರೆ ಆ 'ಹೇಳಿ'ಯಲ್ಲಿ ಏನೋ ಇತ್ತು. ಅಳುತ್ತಾ ಫೋನ್ ಮಾಡಿದವರು ಒಂದು ಸಲ ಮೂಗು ಸೀಟಿಕೊಂಡು, ಉಸಿರು ಎಳೆದುಕೊಂಡು, ವಾರ್ಡಿನ ನಂಬರು ಹೇಳುವಷ್ಟು ಸಮಾಧಾನಕ್ಕೆ ಬರುತ್ತಿದ್ದರು. ಅಕ್ಕ ಮೋಸ ಹೋಗುವ ಪೈಕಿ ಅಲ್ಲವೇ ಅಲ್ಲ. ಒಮ್ಮೆ ಯಾರೋ ತಾನು ದೊಡ್ಡ ಆಫೀಸರು ಎಂದು ಐದು ನಿಮಿಷ ಗದರಿಸಿ, ಹಿರಿಯ ಡಾಕ್ಟರ ಮನೆ ನಂಬರು ಕೇಳಿದ. ಅಕ್ಕ ತಣ್ಣಗೆ, "ಸರ್, ನಿಜವಾದ ಆಫೀಸರು ಇಷ್ಟು ಹೊತ್ತು ತಾವು ಆಫೀಸರು ಅಂತ ಹೇಳ್ಕೊಳ್ಳಲ್ಲ" ಎಂದು ಇಟ್ಟುಬಿಟ್ಟರು. ಗೋಡೆಯಾಚೆ ನಾನು ಬಿದ್ದು ಬಿದ್ದು ನಕ್ಕಿದ್ದೆ. "ಏನಪ್ಪಾ ರೆಕಾರ್ಡು, ನಿನ್ನ ಫೈಲುಗಳಿಗೆ ಎಚ್ಚರ ಆದೀತು, ಮೆಲ್ಲಗೆ" ಎಂದು ಗೋಡೆ ತಟ್ಟಿದ್ದರು.

ಅವರಿಗೆ ಮದುವೆಯಾಗಲಿಲ್ಲ. ಅಪ್ಪ ಅಮ್ಮ ಬೇಗ ಹೋದರು, ಒಂಬತ್ತು ವರ್ಷ ಚಿಕ್ಕವನಾದ ತಮ್ಮನನ್ನು ಬೆಳೆಸುವಷ್ಟರಲ್ಲಿ ಅವರ ವಯಸ್ಸೂ ಕಳೆಯಿತು. ತಮ್ಮ ಬಡಗಿಯಾದ. ಬೀದಿಗೆ ತೆರೆದುಕೊಂಡ ಕೆಳಗಿನ ಕೋಣೆ ಅವನ ಕೆಲಸದ ಜಾಗ, ಅದರ ಹಿಂದಿನ ಎರಡು ಕೋಣೆ ಅಕ್ಕನದು, ಮಹಡಿಯ ಮೇಲೆ ಅವನೂ ಅವನ ಹೆಂಡತಿಯೂ. ಅಕ್ಕನ ಕೋಣೆಯೊಳಗೆ ಸದಾ ಮರದ ಹೊಟ್ಟಿನ ವಾಸನೆ.

ಅಕ್ಕ ನಿವೃತ್ತಿಯಾದ ಎರಡನೆಯ ವರ್ಷ ತಮ್ಮನಿಗೆ ಹೃದಯಾಘಾತವಾಯಿತು. ನಮ್ಮ ಆಸ್ಪತ್ರೆಯಲ್ಲೇ ಸ್ಟೆಂಟ್ ಹಾಕಿದರು. ಬದುಕಿಕೊಂಡ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಮೂರು ಸಲ ಹೇಳಿದರು. ಅವನು ತಪ್ಪಿಸಲೂ ಇಲ್ಲ, ಆದರೆ ಆ ಮಾತ್ರೆಗಳೆಂದರೆ ಅವನಿಗೆ ಆಗುತ್ತಿರಲಿಲ್ಲ. ಬಗ್ಗಿ ಎದ್ದರೆ ತಲೆಸುತ್ತು. ಉಳಿ ಸ್ವಲ್ಪ ತಾಗಿದರೂ ರಕ್ತ ನಿಲ್ಲುತ್ತಿರಲಿಲ್ಲ. "ಅಕ್ಕಾ, ನಾನೀಗ ಬಡಗಿ ಅಲ್ಲ, ಮಾತ್ರೆ ಅಂಗಡಿ" ಎನ್ನುತ್ತಿದ್ದ. ನಗುತ್ತಲೇ ಹೇಳುತ್ತಿದ್ದ, ಆದರೆ ಅವನು ಒಂದು ಹಲಗೆ ಎತ್ತಲು ಗೋಡೆ ಹಿಡಿದುಕೊಳ್ಳುವುದನ್ನು ಅಕ್ಕ ನೋಡುತ್ತಿದ್ದರು.

ಇತ್ತ ಅಕ್ಕನ ಫೋನು ಬಾಯಿಬಿಡುತ್ತಲೇ ಇರಲಿಲ್ಲ. ಅದನ್ನು ನನಗೆ ಅವರೇ ಹೇಳಿದ್ದು, ಬಹಳ ತಡವಾಗಿ. "ದಿನಕ್ಕೆ ನಾನೂರು ಸಲ ರಿಂಗ್ ಕೇಳಿದ ಕಿವಿ ಇದು. ಮನೇಲಿ ಕೂತ್ರೆ ಏನೂ ಇಲ್ಲ. ಒಂದೊಂದು ದಿನ ಫೋನ್ ಕೆಟ್ಟಿದೆಯೇನೋ ಅಂತ ತೆಗೆದು ನೋಡ್ತಿದ್ದೆ."

ಅಂಥದೊಂದು ದಿನ ಅವರು ಫೋನಿನಲ್ಲಿ ಒಂದು ಬರಹ ನೋಡಿದರು. ಕಪ್ಪು ಚಾಕೊಲೇಟು ಹೃದಯಕ್ಕೆ ಒಳ್ಳೆಯದು ಎಂದಿತ್ತು. ಕೋಕೋದಲ್ಲಿ ರಕ್ತನಾಳಗಳಿಗೆ ಹಿತವಾದದ್ದು ಏನೋ ಇದೆ ಎಂಬುದು ಪೂರಾ ಸುಳ್ಳೇನಲ್ಲ. ನಮ್ಮ ಡಾಕ್ಟರುಗಳೂ ಕ್ಯಾಂಟೀನಿನಲ್ಲಿ ಅದರ ಮಾತಾಡಿದ್ದನ್ನು ಅಕ್ಕ ಕೇಳಿದ್ದರು. ಆ ಒಂದು ಚಿಟಿಕೆ ನಿಜವೇ ಅವರನ್ನು ಹಿಡಿದದ್ದು. ಬರಹದ ಕೊನೆಯಲ್ಲಿ ಹೆಸರು, ನಂಬರು ಬರೆಯಲು ಜಾಗವಿತ್ತು. ಬರೆದರು.

ಮರುದಿನ ಹತ್ತೂವರೆಗೆ ಫೋನ್ ಬಂತು. ಹುಡುಗಿಯ ದನಿ. "ಹಲೋ, ಅಕ್ಕಾ? ಈಗ ಮಾತಾಡಬಹುದಾ, ಇಲ್ಲ ಕೆಲಸದಲ್ಲಿದೀರಾ?"

ಮೂವತ್ತೊಂದು ವರ್ಷದಲ್ಲಿ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ.

ಆ ಹುಡುಗಿ ಮೊದಲ ದಿನ ಏನನ್ನೂ ಮಾರಲಿಲ್ಲ. ತಮ್ಮನ ಬಗ್ಗೆ ಕೇಳಿದಳು, ಕೇಳಿ ಸುಮ್ಮನಾದಳು, ಮತ್ತೆ ಕೇಳಿದಳು. ಕೊನೆಗೆ, "ಅಕ್ಕಾ, ಯಾರು ಏನೇ ಹೇಳಿದ್ರೂ ತಕ್ಷಣ ನಂಬಬೇಡಿ. ನನ್ನನ್ನೂ ನಂಬಬೇಡಿ. ಈಗೆಲ್ಲ ಮೋಸ ಜಾಸ್ತಿ" ಎಂದಳು. ಅಷ್ಟು ಹೇಳಿದವಳ ಮೇಲೆ ಅನುಮಾನ ಪಡುವುದು ಹೇಗೆ? ಅವಳ ದನಿಯ ಹಿಂದೆ ಬೇರೆ ಫೋನುಗಳು ರಿಂಗಾಗುತ್ತಿದ್ದವು, ಯಾರ್ಯಾರೋ ಮಾತಾಡುತ್ತಿದ್ದರು. ಬೇರೆಯವರಿಗೆ ಅದು ಗದ್ದಲ. ಅಕ್ಕನಿಗೆ ಅದು ತವರುಮನೆಯ ಸದ್ದು.

ಮೊದಲ ಡಬ್ಬ ಪುಕ್ಕಟೆಯಾಗಿ ಬಂತು. ಕಂದು ರಟ್ಟಿನ ಮೇಲೆ ಚಿನ್ನದ ಬಣ್ಣದ ಹೃದಯ, ಬಿಳಿ ಕೋಟಿನ ಡಾಕ್ಟರ ಚಿತ್ರ, ಒಳಗೆ ಸಾಲಾಗಿ ಪುಟ್ಟ ಚೌಕಗಳು. ತಮ್ಮ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. "ಅಕ್ಕಾ, ಇಂಥ ಔಷಧಿ ಕೊಡ್ತಾರೆ ಅಂತ ಗೊತ್ತಿದ್ರೆ ಹಾರ್ಟ್ ಅಟ್ಯಾಕು ಇನ್ನೂ ಬೇಗ ಮಾಡ್ಕೊಳ್ತಿದ್ದೆ."

ಆಮೇಲಿನ ಡಬ್ಬಗಳು ಅಕ್ಕನ ಪಿಂಚಣಿಯಿಂದ ಬಂದವು. ದನಿಯೂ ದಿನಾ ಬಂತು. ಹತ್ತೂವರೆ ಎಂದರೆ ಹತ್ತೂವರೆ. ಅಕ್ಕ ಅಷ್ಟರೊಳಗೆ ಸ್ನಾನ ಮಾಡಿ, ತಲೆ ಬಾಚಿಕೊಂಡು, ಕುರ್ಚಿಗೆ ದಿಂಬು ಕಟ್ಟಿ ಕೂತಿರುತ್ತಿದ್ದರು.

ಆ ದಿನಗಳಲ್ಲೇ ಒಂದು ಭಾನುವಾರ ನಾನು ಹೋಗಿದ್ದೆ. ನನಗೂ ಒಂದು ತುಂಡು ಕೊಟ್ಟರು. ಡಬ್ಬವನ್ನು ತಿರುಗಿಸಿ ನೋಡಿದೆ. ಕಾಗದ ಓದುವುದು ನನ್ನ ಕಸುಬಲ್ಲವೇ. ಮಾಡಿದವರು ಯಾರು, ಎಲ್ಲಿ ಮಾಡಿದ್ದು, ಏನೇನು ಹಾಕಿದ್ದಾರೆ, ಯಾವುದೂ ಇರಲಿಲ್ಲ. ಡಾಕ್ಟರಿಗೆ ಹೆಸರೂ ಇರಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯ ಹಾಗೆ. "ಚೆನ್ನಾಗಿದೆ ಅಕ್ಕ" ಎಂದೆ. ಚಾಕೊಲೇಟು ತಾನೇ, ಏನಾಗುತ್ತೆ ಎಂದುಕೊಂಡೆ. ಆ ಎರಡು ಪದವನ್ನು ನಾನು ಇವತ್ತಿಗೂ ನುಂಗಲಾರೆ, ಉಗುಳಲಾರೆ.

ಮೂರನೆಯ ಡಬ್ಬ ಬಂದಾಗ ದನಿ ಹೇಳಿತು: "ಮಾತ್ರೆ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ ಅಕ್ಕ. ಅದು ನಿಮಗೆ ಬಿಟ್ಟಿದ್ದು. ಆದ್ರೆ ಎರಡೂ ಒಟ್ಟಿಗೆ ಹೋದ್ರೆ ಇದರ ಶಕ್ತಿ ಕೆಲಸ ಮಾಡಲ್ಲ. ನೀವು ಆಸ್ಪತ್ರೆಲಿ ಇದ್ದೋರು, ನಿಮಗೆ ನಾನು ಹೇಳಬೇಕಾ?"

ಅಕ್ಕ ಎರಡು ದಿನ ಒದ್ದಾಡಿದರು. ಮೂರನೆಯ ದಿನ ತಮ್ಮನಿಗೆ, "ಒಂದು ವಾರ ಮಾತ್ರೆ ಬಿಟ್ಟು ನೋಡೋಣ್ವಾ?" ಎಂದರು.

ತಮ್ಮನ ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದಳು. "ಅತ್ತಿಗೆ, ಡಾಕ್ಟ್ರನ್ನ ಒಂದು ಮಾತು ಕೇಳೋಣ."

"ಮೂವತ್ತು ವರ್ಷ ಡಾಕ್ಟರುಗಳ ಮಾತನ್ನೇ ಕೇಳಿದೀನಮ್ಮ ನಾನು" ಎಂದರು ಅಕ್ಕ. ಆ ಮನೆಯಲ್ಲಿ ಅವರ ದನಿ ಏರಿದ್ದು ಅದೇ ಮೊದಲು.

ವಾರದೊಳಗೆ ತಮ್ಮ ಚೇತರಿಸಿಕೊಂಡ. ತಲೆಸುತ್ತು ಹೋಯಿತು, ಗಾಯಗಳು ಬೇಗ ಒಣಗಿದವು, ಹಲಗೆಗಳನ್ನು ಒಬ್ಬನೇ ಎತ್ತಿದ. ಮಾತ್ರೆ ಬಿಟ್ಟಿದ್ದಕ್ಕೆ ಮಾತ್ರೆಯ ಕಾಟ ಹೋಗಿತ್ತು, ಅಷ್ಟೇ. ಆದರೆ ಕಣ್ಣೆದುರು ಸಿಳ್ಳೆ ಹಾಕುತ್ತಾ ಮರ ಹೆರೆಯುವವನನ್ನು ನೋಡುತ್ತಾ ಯಾರಿಗೆ ಅದು ಹೊಳೆದೀತು? ಒಂದು ವಾರ ಎಂದದ್ದು ಎರಡಾಯಿತು, ಮೂರಾಯಿತು.

ಮೂರನೆಯ ವಾರದ ಬುಧವಾರ, ಮಧ್ಯಾಹ್ನ ಊಟವಾದ ಮೇಲೆ. ತಮ್ಮ ಯಾರದೋ ಮನೆಯ ಬಾಗಿಲಿಗೆ ಕೀಸುಳಿ ಹಾಕಿ ನುಣುಪು ಮಾಡುತ್ತಿದ್ದ. ಅಕ್ಕ ಒಳಗೆ ಬಟ್ಟೆ ಮಡಿಸುತ್ತಾ ಆ ಸರ್ ಸರ್ ಸದ್ದನ್ನು ಕೇಳುತ್ತಿದ್ದರು. ಸದ್ದು ನಡುವೆ ನಿಂತಿತು. ಉಸಿರು ತೆಗೆದುಕೊಳ್ಳಲು ನಿಂತದ್ದಲ್ಲ ಎಂದು ಅವರ ಕಿವಿಗೆ ಆ ಕ್ಷಣವೇ ಗೊತ್ತಾಯಿತಂತೆ.

ಹೊರಗೆ ಬಂದಾಗ ಅವನು ಹೊಟ್ಟಿನ ಮೇಲೆ ಒರಗಿದ್ದ. ಹೆಂಡತಿ ಮಹಡಿಯಿಂದ ಓಡಿ ಬಂದು ಅವನ ತಲೆ ಎತ್ತಿ ಹಿಡಿದಳು. ಅಕ್ಕ ಆಸ್ಪತ್ರೆಗೆ ಫೋನ್ ಮಾಡಿದರು. ಬೆರಳಿಗೆ ತಾನಾಗಿ ಬರುವ ನಂಬರು. ಆದರೆ ಅವರು ಬಿಟ್ಟ ಮೇಲೆ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಿರಲಿಲ್ಲ. ರೆಕಾರ್ಡ್ ಮಾಡಿಟ್ಟ ದನಿ ಮಾತಾಡಿತು. ಹೊರರೋಗಿ ವಿಭಾಗಕ್ಕೆ ಒಂದನ್ನು ಒತ್ತಿ. ಪ್ರಯೋಗಾಲಯಕ್ಕೆ ಎರಡನ್ನು ಒತ್ತಿ. "ಹಲೋ, ನಾನು, ನಾನು ಮಾತಾಡ್ತಿರೋದು" ಎಂದು ಅಕ್ಕ ಆ ಯಂತ್ರಕ್ಕೆ ಹೇಳುತ್ತಿದ್ದರಂತೆ. "ಹಲೋ, ಹೇಳಿ, ಯಾರಾದ್ರೂ ಹೇಳಿ."

ಕೊನೆಗೆ ಬೀದಿಯಲ್ಲಿ ಹೋಗುತ್ತಿದ್ದ ವ್ಯಾನನ್ನು ತಡೆದು ಕರೆತಂದರು. ನಾನು ರೆಕಾರ್ಡ್ ರೂಮಿನಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಮಾತ್ರೆ ಯಾವತ್ತು ನಿಲ್ಲಿಸಿದ್ರು?" ಹೆಂಡತಿ ತಿರುಗಿ ಅತ್ತಿಗೆಯ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದರೇನೋ.

ಎರಡು ವಾರದ ಮೇಲೆ ನಾನೇ ಒತ್ತಾಯ ಮಾಡಿ ಅವರನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆ. ದೂರು ಬರೆದುಕೊಳ್ಳುವವನು ಕೆಟ್ಟವನಲ್ಲ, ಆದರೂ ಬಾಯಿ ತಡೆಯಲಿಲ್ಲ. "ಓದಿದೋರು ನೀವು, ಅದೂ ಆಸ್ಪತ್ರೆಲಿ ಇದ್ದೋರು. ನೀವೇ ಹೀಗೆ ನಂಬಿಬಿಟ್ರೆ?"

"ಹೂಂ, ನಾನೇ" ಎಂದರು ಅಕ್ಕ.

"ಮಾತ್ರೆ ಬಿಡಿ ಅಂತ ಅವಳು ಹೇಳಿದ್ಲಾ?"

"ಇಲ್ಲ. ಹೇಳಿದ್ದು ನಾನು."

ಅವನ ಪೆನ್ನು ಅಲ್ಲೇ ನಿಂತಿತು. ಆ ಹುಡುಗಿ ಫೋನ್ ಮಾಡುತ್ತಿದ್ದ ನಂಬರು ಆಗಲೇ ಬದುಕಿರಲಿಲ್ಲ.

ಅದಾಗಿ ತಿಂಗಳ ಮೇಲೆ ಒಂದು ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದೆ. ಹತ್ತೂವರೆ. ಹೊಸ ನಂಬರಿನಿಂದ ಫೋನ್ ಬಂತು. ಅಕ್ಕ ಎತ್ತಿದರು. ಪಕ್ಕದಲ್ಲೇ ಕೂತಿದ್ದ ನನಗೂ ಕೇಳಿಸಿತು. "ಅಕ್ಕಾ! ಎಷ್ಟು ದಿನ ಆಯ್ತು. ತಮ್ಮ ಹೇಗಿದಾರೆ?"

ನಾನು ಕೈ ಚಾಚಿದೆ. ಅಕ್ಕ ಕೊಡಲಿಲ್ಲ.

"ತಮ್ಮ ಹೋದ" ಎಂದರು.

ಆಚೆ ಫೋನುಗಳು ಮಾತ್ರ ರಿಂಗಾಗುತ್ತಿದ್ದವು. ಆಮೇಲೆ ಬಹಳ ಸಣ್ಣಗೆ, "ಅಯ್ಯೋ ಅಕ್ಕಾ" ಎಂದಳು. ಅದು ನಟನೆಯೋ ನಿಜವೋ ನನಗೆ ಗೊತ್ತಾಗಲಿಲ್ಲ. ಅವಳ ಪಕ್ಕದಲ್ಲಿ ಯಾರೋ ಏನೋ ಹೇಳಿದರು. ದನಿ ಮತ್ತೆ ನೆಟ್ಟಗಾಯಿತು. "ಇಂಥ ದುಃಖದಲ್ಲಿ ನಿಮ್ಮ ಹಾರ್ಟನ್ನ ನೀವು ನೋಡ್ಕೋಬೇಕು ಅಕ್ಕ. ನಮ್ಮಲ್ಲಿ ಈಗ ಹೊಸದೊಂದು ಬಂದಿದೆ..."

ಅಕ್ಕ ಪೂರ್ತಿ ಕೇಳಿಸಿಕೊಂಡರು. "ಮಗೂ, ನಿನ್ನ ಗಂಟಲು ಒಣಗಿದೆ. ನೀರು ಕುಡಿ" ಎಂದು ಫೋನ್ ಇಟ್ಟರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅವಳಿಗೆ ನಾಲ್ಕು ಬಯ್ಯಬೇಕಿತ್ತಕ್ಕ!"

"ಬಯ್ಯಬೇಕಿತ್ತು." ಎಂದರು ಅಕ್ಕ. "ಆದ್ರೆ ಕೇಳು ರೆಕಾರ್ಡು, ನಿನಗೊಬ್ಬನಿಗೇ ಹೇಳ್ತೀನಿ. ಅವಳು ಅಕ್ಕಾ ಅಂದಾಗ ನನಗೆ ಖುಷಿಯಾಯ್ತು. ತಮ್ಮನನ್ನ ತಿಂದ ದನಿ ಅದು. ಆದ್ರೂ ಅರ್ಧ ನಿಮಿಷ ಖುಷಿಯಾಯ್ತು. ನಾನು ಎಂಥ ಹೆಂಗಸು ಹೇಳು."

ಅವತ್ತು ಡಬ್ಬದ ಮೇಲೆ ಮಾಡಿದವರ ಹೆಸರೂ ಇಲ್ಲದ್ದನ್ನು ನೋಡಿಯೂ ಸುಮ್ಮನಿದ್ದೆ ಎಂದು ಆಗಲಾದರೂ ಒಪ್ಪಿಕೊಂಡೆ. ಅವರು ತಲೆಯಾಡಿಸಿದರು. "ನೀನು ಹೇಳಿದ್ರೂ ನಾನು ಕೇಳ್ತಿರಲಿಲ್ಲಪ್ಪ" ಎಂದರು. ನನ್ನ ಹೊರೆ ಇಳಿಸಲು ಹಾಗೆಂದರೋ, ನಿಜವಾಗಿಯೋ, ತಿಳಿಯದು.

ತಮ್ಮನ ಕೆಲಸದ ಕೋಣೆಯ ಸಾಮಾನು ಒಂದೊಂದಾಗಿ ಹೋಯಿತು. ಅರ್ಧ ಹೆರೆದ ಬಾಗಿಲನ್ನು ಅದರ ಯಜಮಾನ ಹಾಗೇ ಎತ್ತಿಕೊಂಡು ಹೋದ. ತಮ್ಮನ ಹೆಂಡತಿ ತನ್ನ ತಂಗಿಯ ಮನೆಗೆ ಹೊರಟಳು. ಅಷ್ಟು ತಿಂಗಳೂ ಒಂದೇ ಮನೆಯಲ್ಲಿದ್ದು ಅವಳು ಅತ್ತಿಗೆಯ ಜೊತೆ ಮಾತಾಡಿರಲಿಲ್ಲ. ಅವಳ ಪೆಟ್ಟಿಗೆಗಳನ್ನು ಗಾಡಿಗೆ ಏರಿಸಲು ನಾನು ಹೋಗಿದ್ದೆ. ಎಲ್ಲ ಏರಿಸಿದ ಮೇಲೆ ಅವಳು ಅಕ್ಕನ ಬಾಗಿಲಲ್ಲಿ ಬಂದು ನಿಂತಳು.

"ಅತ್ತಿಗೆ, ಅದು ಬರೀ ಚಾಕೊಲೇಟು ಅಂತ ಅವರಿಗೆ ಗೊತ್ತಿತ್ತು."

ಅಕ್ಕ ತಲೆ ಎತ್ತಿದರು. "ಮತ್ತೆ ಮಾತ್ರೆ ಯಾಕೆ ಬಿಟ್ಟ?"

"ನಾನೂ ಕೇಳಿದೆ. ಅಕ್ಕ ಇಷ್ಟು ಗೆಲುವಾಗಿರೋದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ ಕಣೇ, ಇರ್ಲಿ ಬಿಡು, ಮುಂದಿನ ತಿಂಗಳು ಮೆಲ್ಲಗೆ ಶುರು ಮಾಡ್ತೀನಿ, ಅಂದ್ರು."

ಸಮಾಧಾನಕ್ಕೆ ಹೇಳಿದಳೋ, ಚುಚ್ಚಲು ಹೇಳಿದಳೋ. ಪ್ರಾಯಶಃ ಅವಳಿಗೂ ಗೊತ್ತಿರಲಿಲ್ಲ. ಅಕ್ಕ ಅಳಲಿಲ್ಲ. "ಹಾಗಂದನಾ?" ಎಂದರು. "ಇನ್ನೊಂದು ಸಲ ಹೇಳಮ್ಮ. ಅವನು ಹೇಗೆ ಹೇಳಿದ್ನೋ ಹಾಗೇ ಹೇಳು."

ಅವಳು ಇನ್ನೊಂದು ಸಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳೇ ಹೊಸ್ತಿಲ ಮೇಲೆ ಕುಸಿದು ಕೂತಳು. ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಅಕ್ಕ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತರು, ಮುಟ್ಟಲು ಧೈರ್ಯವಾಗದೆ ಕೈಗಳನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡು. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಕಣ್ಣೊರೆಸಿಕೊಂಡು ಗಾಡಿ ಹತ್ತಿದಳು.