ಬೀಳುವಾಗ ಊರಿದ ಕೈ

ಸಂಜೆ ಮಗನ ಭುಜಕ್ಕೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದೆ. ಆ ವಾಸನೆಗೆ ಅಂಕೋಲೆಯ ಅಜ್ಜಿಮನೆ ನೆನಪಾಯಿತು. ಬಾಕ್ಸಿಂಗ್ ಆಡುತ್ತಿದ್ದ ಸೋದರಮಾವ ನೆನಪಾದ.

ಮಾವ ಬಾಡಿಗೆಗೆ ವಿಸಿಆರ್ ತಂದು ಕಪ್ಪು-ಬಿಳುಪಿನ ಇಂಗ್ಲಿಷ್ ಬಾಕ್ಸಿಂಗ್ ಸಿನಿಮಾ ಹಾಕುತ್ತಿದ್ದ. ಅಜ್ಜಿ ಒಣಮೀನಿನ ತಲೆ ಮುರಿಯುತ್ತಲೇ ನೋಡುವಳು. ದುಡ್ಡು ತಿಂದು ಸೋಲುವ ಬಾಕ್ಸರ್ ಬಂದಾಗ ಮಾವ ಸಿನಿಮಾ ನಿಲ್ಲಿಸುತ್ತಿದ್ದ. “ನೋಡೇ ಹುಡ್ಗಿ, ಖರೇ ಪೆಟ್ಟು ಬಿದ್ದವ ಮರದ ಹಾಂಗೆ ಬೀಳ್ತಾ. ಕೈ ಊರಿ ಬಿದ್ದಾ ಅಂದ್ರೆ ಮೊದ್ಲೇ ಮಾತಾಗಿತ್ತು ಅಂತ.”

ಮಾವನ ಜಿಲ್ಲಾ ಫೈನಲ್ಲಿನ ಬೆಳಿಗ್ಗೆ, ಪಂದ್ಯ ನಡೆಸುತ್ತಿದ್ದ ಕಾಂಟ್ರಾಕ್ಟರು ಮನೆಗೆ ಬಂದರು. ಬೈತಖೋಲ ಬಂದರಿನ ಲೋಡಿಂಗ್ ಕೆಲಸವೆಲ್ಲ ಅವರ ಕೈಯಲ್ಲಿತ್ತು. ಚಾ ಕುಡಿದು ಮಾವನ ಬೆನ್ನು ತಟ್ಟಿದರು. “ಇವತ್ತು ನಿನ್ನ ಎದ್ರಿಗೆ ಆಡೂದು ನನ್ನ ಮಗ. ನೋಡ್ಕೋ. ನಿಂಗೆ ಬಂದರಲ್ಲಿ ಕೆಲ್ಸ ಅದೆ.”

ಗೆಲ್ಲುತ್ತಿದ್ದ ಮಾವ ಕೊನೆಯ ಸುತ್ತಿನಲ್ಲಿ ಒಂದು ಸಣ್ಣ ಗುದ್ದಿಗೆ ಬಿದ್ದ. ಬೀಳುವಾಗ ಎರಡೂ ಕೈ ಊರಿದ. ಮನೆಯಲ್ಲಿ ಅಜ್ಜಿ ಅವನಿಗೆ ಈ ಎಣ್ಣೆಯನ್ನೇ ತಿಕ್ಕಿದಳು. ಆಮೇಲೆ ಅವನು ಬಂದರಿನಲ್ಲಿ ಮೂಟೆ ಹೊತ್ತ. ಸಿನಿಮಾ ಮತ್ತೆಂದೂ ಹಾಕಲಿಲ್ಲ.

ಇವತ್ತು ಕಾರವಾರದಲ್ಲಿ ಮಗನ ಆಯ್ಕೆ ಪಂದ್ಯವಿತ್ತು. ಮೊದಲ ಸುತ್ತುಗಳೆಲ್ಲ ಅವನದೇ. ಕೊನೆಯದರಲ್ಲಿ ಬಿದ್ದ, ಎರಡೂ ಕೈ ಊರಿ. ಅವನ ಕೋಚ್ ನನ್ನ ಕಣ್ಣು ತಪ್ಪಿಸಿ ಹೊರಟುಹೋದರು.

ಮನೆಗೆ ಬಂದು ನಾನೂ ಸೀಸೆ ತೆಗೆದೆ. ಎಣ್ಣೆ ತಿಕ್ಕುತ್ತಲೇ ಇದ್ದೆ.

“ಬಿಡು ಅಮ್ಮಾ,” ಎಂದ ಅವನು, ಗೋಡೆ ನೋಡುತ್ತಾ. “ಎಲ್ಲೂ ನೋವಿಲ್ಲ.”