ಆಲ್ಬಮ್ಮಿನಲ್ಲಿ ಸಿಗದ ಗಂಡ

ನಮ್ಮ ಮದುವೆಯ ಆಲ್ಬಮ್ ಮನೆಗೆ ಬಂದದ್ದು ಒಂದು ಭಾನುವಾರ. ಬಾಡೂಟ ಮುಗಿಸಿ ಅಪ್ಪ, ಅವ್ವ, ಚಿಕ್ಕಪ್ಪನ ಮನೆಯವರು ಎಲ್ಲ ಕಿರಂಗೂರಿನ ನಮ್ಮ ಪಡಸಾಲೆಯಲ್ಲಿ ಸುತ್ತ ಕೂತು ಹಾಳೆ ತಿರುವಿದರು. ತಿರುವಿದಷ್ಟೂ ನಗು. ಧಾರೆಯ ಫೋಟೋದಲ್ಲಿ ನಾನು ಕಣ್ಣು ಅರೆಮುಚ್ಚಿ, ಗದ್ದ ಮುಂದಕ್ಕೆ ಚಾಚಿ, ಥೇಟ್ ಪುರೋಹಿತರು. ತಾಳಿ ಕಟ್ಟುವಾಗ ಹುಬ್ಬನ್ನು ನೆತ್ತಿಗೇರಿಸಿ ನಾನೇ ಚಿಕ್ಕಪ್ಪ. ಆರತಕ್ಷತೆಯಲ್ಲಿ ಒಂದು ಕಣ್ಣು ಕಿರಿದು ಮಾಡಿಕೊಂಡು ನಾನೇ ಫೋಟೋಗ್ರಾಫರ್. ಬೀಗರೂಟದಲ್ಲಿ, ಎದುರಿಗೇ ಉಣ್ಣುತ್ತಿದ್ದ ನನ್ನ ಮಾವನ ಹಾಗೇ ತುಟಿ ಬಿಗಿದ ನಾನು. ಕಂಡವರನ್ನೆಲ್ಲ ಆಡಿ ತೋರಿಸುವುದು ನನಗೆ ಹುಟ್ಟಿನಿಂದ ಬಂದ ಚಾಳಿ. ಕ್ಯಾಮರಾ ಕಂಡರಂತೂ ಅದಕ್ಕೆ ಹಬ್ಬ.

"ಥೂ ನಿನ್ನ! ತಾಳಿ ಕಟ್ಟೋವಾಗ್ಲೂ ಕೋತಿ ಆಟ ಬುಡ್ನಿಲ್ವಲ್ಲೋ" ಎಂದು ಅವ್ವ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಸನ್ಮಾನವಾದಷ್ಟು ಖುಷಿ.

ನಗದೆ ಇದ್ದವಳು ನನ್ನ ಹೆಂಡತಿ ಒಬ್ಬಳೇ. ಎಲ್ಲರೂ ಎದ್ದು ಹೋದ ಮೇಲೆ ಆಲ್ಬಮ್ಮನ್ನು ಮೊದಲಿಂದ ಇನ್ನೊಂದು ಸಲ ನೋಡಿ, ನನ್ನ ತೊಡೆಯ ಮೇಲಿಟ್ಟಳು.

"ಇದ್ರಲ್ಲಿ ನಾನು ಯಾರನ್ನ ಮದ್ವೆ ಆಗಿದೀನಿ, ತೋರ್ಸಿ."

"ಇವನ್ನೇ ಕಣಮ್ಮಿ."

"ಅದು ಪುರೋಹಿತ್ರು."

"ಸರಿ, ಇಲ್ನೋಡು."

"ಅದು ನಮ್ಮಪ್ಪ."

ಅವಳಿಗೆ ನಾಗಮಂಗಲದ ಕಡೆ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ನನಗೆ ಪಾಂಡವಪುರದಲ್ಲಿ ಟ್ರಾಕ್ಟರ್ ಬಿಡಿಭಾಗ ಮಾರುವ ಅಂಗಡಿಯಲ್ಲಿ. ವಾರವೆಲ್ಲ ಅವಳು ಅಲ್ಲೇ ರೂಮಿನಲ್ಲಿದ್ದು ಶನಿವಾರ ಸಂಜೆ ಬಸ್ಸಿಗೆ ಬರುತ್ತಿದ್ದಳು. "ನಡುವೆ ನಿಮ್ಮನ್ನ ನೋಡ್ಬೇಕು ಅನ್ಸಿದ್ರೆ ಏನ್ ಮಾಡ್ಲಿ? ಪುರೋಹಿತ್ರನ್ನ ನೋಡ್ಕೊಂಡು ಕೂರ್ಲಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮುಂದುವರಿಸಿದಳು: "ಒಂದು ಫೋಟೋ ತೆಗೀತೀನಿ. ಅದ್ರಲ್ಲಿ ನೀವೇ ಇರ್ಬೇಕು. ತೆಗೀದೆ ಬಿಡಲ್ಲ."

ಅಂದೇ ಬೀರುವಿನಿಂದ ಒಂದು ಕ್ಯಾಮರಾ ಹೊರಗೆ ಬಂತು. ಬಟ್ಟೆಯ ನಡುವೆ ಸುತ್ತಿಟ್ಟಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡದ್ದಂತೆ. ಅದರೊಳಗಿದ್ದ ಫೋಟೋಗಳಲ್ಲಿ ಒಬ್ಬನೇ ಒಬ್ಬ ಮನುಷ್ಯನಿಲ್ಲ. ಎಮ್ಮೆಯ ಕೊಂಬು, ಹೊಸಿಲ ಮೇಲೆ ಬಿಟ್ಟ ಚಪ್ಪಲಿ, ಬೆಳಗಿಟ್ಟ ಹಿತ್ತಾಳೆ ಕೊಳದಪ್ಪಲೆಯ ಮೇಲೆ ಬಿದ್ದ ಬಿಸಿಲು. ಜನ ಯಾಕಿಲ್ಲ ಎಂದೆ. "ಜನ ಕ್ಯಾಮರಾ ಕಂಡ್ರೆ ಮುಖ ಜೋಡಿಸ್ಕೋತಾರೆ. ಎಮ್ಮೆ ಜೋಡಿಸ್ಕೊಳಲ್ಲ" ಎಂದಳು. ಈ ಮಾತು ನನಗೇ ಬಿದ್ದದ್ದು ಎಂದು ತಿಳಿಯದಿರಲು ನಾನೇನೂ ಎಮ್ಮೆಯಲ್ಲ.

ಹೀಗೆ ನಮ್ಮ ಭಾನುವಾರಗಳು ಶುರುವಾದವು. ಬೈಕು ನನ್ನದು, ಕ್ಯಾಮರಾ ಅವಳದು. ಮೊದಮೊದಲು ಕ್ಯಾಮರಾ ಚೀಲ ನಮ್ಮಿಬ್ಬರ ನಡುವೆ ಕೂತು ಬರುತ್ತಿತ್ತು, ಸೋಬಾನೆ ಮುಗಿದರೂ ಊರಿಗೆ ಹೋಗದ ನಂಟರ ಹಾಗೆ. ಕೆಲವು ವಾರಗಳಲ್ಲಿ ಅದು ಅವಳ ಬೆನ್ನಿಗೆ ಹೋಯಿತು. ಆಮೇಲೆ ನನ್ನ ಎದೆಯ ಮೇಲೆ ನೇತಾಡತೊಡಗಿತು. ಅವಳ ಕೈಗೆ ಹಿಡಿಯಲು ಬೇರೆ ಜಾಗ ಸಿಕ್ಕಿತ್ತು.

ಕ್ಯಾತನಹಳ್ಳಿಯ ಒಂದು ಆಲೆಮನೆಯಲ್ಲಿ ಬೆಲ್ಲದ ಪಾಕ ತಿರುವುತ್ತಿದ್ದ ಗಟ್ಟಿಗನೊಬ್ಬನಿದ್ದ. ಕ್ಯಾಮರಾ ಕಂಡದ್ದೇ ಎದೆ ಉಬ್ಬಿಸಿ ಕಂಬವಾದ. ಅವಳು ಕ್ಯಾಮರಾ ಇಳಿಸಿದಳು. ನನಗೆ ಸುಮ್ಮನಿರಲಾಗಲಿಲ್ಲ. ಚಳಿಗಾಲದ ಬೆಳಿಗ್ಗೆ, ಬ್ಯಾಟರಿ ಸತ್ತ ಹಳೆಯ ಟ್ರಾಕ್ಟರು ಹೇಗೆ ಕೆಮ್ಮಿ, ನರಳಿ, ಇನ್ನೇನು ಹೊತ್ತಿಕೊಂಡಿತು ಅನ್ನುವಾಗ ಜೀವ ಬಿಡುತ್ತದೆ ಎಂದು ಬಾಯಲ್ಲೇ ಮಾಡಿ ತೋರಿಸಿದೆ. ಪಕ್ಕದಲ್ಲಿ ಅದರ ಯಜಮಾನ ಬೈಯುವುದನ್ನೂ ಸೇರಿಸಿದೆ. ಆತ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್, ನಮ್ಮಣ್ಣನ್ ಗಾಡಿ ಅಂಗೇಯ ಕಣ್ಲಾ ಅದು! ಎಲ್ ನೋಡಿದ್ಲಾ ನೀನು?"

ನಗು ಇಳಿಯಿತು. ಉಸಿರು ಬಿಟ್ಟು, ಹಣೆಯ ಬೆವರು ತೋಳಿಗೆ ಒರೆಸಿ ಆತ ಮತ್ತೆ ಪಾಕದ ಕಡೆ ನೋಡಿದ. ಆಗ ಕ್ಲಿಕ್ ಅಂದಿತು.

"ನಗೋವಾಗ ಯಾಕೆ ತೆಗೀಲಿಲ್ಲ? ನಾನು ಅಷ್ಟು ಕಷ್ಟಪಟ್ಟು ನಗಿಸಿದ್ದೆ" ಎಂದು ದಾರಿಯಲ್ಲಿ ಕೇಳಿದೆ.

"ನಗು ನೀವು ಕೊಟ್ಟಿದ್ದು. ಅದು ಮುಗಿದ ಮೇಲೆ ಉಳಿಯುತ್ತಲ್ಲ, ಅದು ಅವ್ರದ್ದು."

ಅದೇ ನಮ್ಮ ಕಸುಬಿನ ಕ್ರಮವಾಯಿತು. ಕಬ್ಬು ಕಡಿಯುವವರು, ಕುರಿ ಕಾಯುವವರು, ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವವರು, ಯಾರೇ ಇರಲಿ, ನಾನು ನಗಿಸುವುದು, ನಗು ಇಳಿದಾಗ ಅವಳು ತೆಗೆಯುವುದು. ಎಮ್ಮೆಯ ಕೊಂಬಿನ ಪಕ್ಕದಲ್ಲಿ ಮನುಷ್ಯರ ಮುಖಗಳು ತುಂಬತೊಡಗಿದವು. ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ನಾನೂ ಕಲಿತೆ. ಯಾವಾಗ ಬಾಯಿ ಮುಚ್ಚಬೇಕು ಎಂಬುದನ್ನೂ ಒಂದಿಷ್ಟು ಕಲಿತೆ. ಅವ್ವನಿಗೆ ಅದೇ ದೊಡ್ಡ ಪವಾಡ.

ಆದರೆ ನನ್ನ ಫೋಟೋ? ಅದೊಂದು ಆಗುತ್ತಿರಲಿಲ್ಲ. ನನ್ನನ್ನು ನಗಿಸುವವರು ಯಾರು? ಹೊಳೆಯ ಹತ್ತಿರ ನಿಲ್ಲಿಸಿ, "ಸುಮ್ನೆ ನೀರು ನೋಡಿ" ಎಂದಳು. ನೋಡಿದೆ.

"ಇದು ಕ್ಯಾಲೆಂಡರ್‌ನಲ್ಲಿ ನೀರು ನೋಡೋ ಹುಡ್ಗ" ಎಂದು ಅಳಿಸಿದಳು.

ಪ್ರತಿ ವಾರ ಹೀಗೇ. ಒಮ್ಮೆ ಡೇರಿಗೆ ಹಾಲು ಹಾಕುವ ಅಪ್ಪ ಬಂದ, ಒಮ್ಮೆ ಅಂಗಡಿಯ ಸಾಹುಕಾರರು ಬಂದರು. ನಾನು ಮಾತ್ರ ಬರಲಿಲ್ಲ. ಅವಳು ಬೇಸರಪಡಲಿಲ್ಲ. "ಇಲ್ಲ, ಇದಲ್ಲ" ಎಂದು ಅಳಿಸುವಾಗ ಅವಳ ದನಿಯಲ್ಲಿ ಹೊಲದ ಕಳೆ ಕೀಳುವವರ ಹಟ ಇರುತ್ತಿತ್ತು.

ನಾನೂ ಹಟಕ್ಕೆ ಬಿದ್ದೆ. ನಾನು ಹೇಗೆ ನಿಲ್ಲುತ್ತೇನೆ, ಹೇಗೆ ಕತ್ತು ಓರೆ ಮಾಡುತ್ತೇನೆ ಎಂದು ವಾರವಿಡೀ ಅಂಗಡಿಯ ಕನ್ನಡಿಯಲ್ಲಿ ನೋಡಿ ಅಭ್ಯಾಸ ಮಾಡಿದೆ. "ಏನ್ಲಾ, ಹೊಟ್ಟೆ ನೋಯ್ತಾ ಐತಾ?" ಎಂದರು ಸಾಹುಕಾರರು. ಭಾನುವಾರ ಅವಳೆದುರು ನಿಂತು ಅದನ್ನೇ ಒಪ್ಪಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಇದು ನಿಮ್ಮದೇ ಮಿಮಿಕ್ರಿ. ಚೆನ್ನಾಗಿಲ್ಲ."

ಆ ದಿನ ನನಗೂ ಒಳಗೆ ಸಣ್ಣಗೆ ಭಯವಾಯಿತು. ಇಷ್ಟು ಜನರ ಮುಖ ಹೊತ್ತು ತಿರುಗುವವನಿಗೆ ಸ್ವಂತದ್ದೊಂದು ಇಲ್ಲವೇ ಇಲ್ಲವೇನೋ? ಹಾಗಾದರೆ ಇವಳು ವಾರವೆಲ್ಲ ಯಾರನ್ನು ನೆನೆಯುತ್ತಾಳೆ?

ಅವರೆಕಾಯಿ ಕಾಲದಲ್ಲಿ ಕೆ.ಆರ್. ಪೇಟೆಯ ಅವಳ ತವರಿಗೆ ಹೋದೆವು. ಮಾವ ಹೊಲಕ್ಕೆ ಹೋಗಿದ್ದರು. ನಾವಿಬ್ಬರೂ ನೆನೆಸಿದ ಅವರೆಕಾಳಿನ ಬೇಸನ್ನು ನಡುವೆ ಇಟ್ಟುಕೊಂಡು ಸಿಪ್ಪೆ ಹಿದುಕುತ್ತಿದ್ದೆವು. ಗೋಡೆಯಲ್ಲಿ ನನ್ನ ತೀರಿಹೋದ ಅತ್ತೆಯ ಫೋಟೋ, ಅದಕ್ಕೆ ಗಂಧದ ಹಾರ. ಬಂದಾಗಲೆಲ್ಲ ಕೈ ಮುಗಿಯುತ್ತಿದ್ದೆನೇ ಹೊರತು ಅದರ ಬಗ್ಗೆ ಎಂದೂ ಕೇಳಿರಲಿಲ್ಲ. ಅಂದು ಅವಳೇ ಹೇಳಿದಳು.

"ಅದು ಬ್ಯಾಂಕಿಗೆ ಕೊಡೋಕೆ ತೆಗ್ಸಿದ್ದು. ಹಾಲು ಕರೆಯೋ ಹೊತ್ತು. ಹಸು ಬಿಟ್ಟು ಸ್ಟುಡಿಯೋಗೆ ಓಡೋಗಿ, 'ಬಿರ್ರನೆ ತಗಿಯಪ್ಪ' ಅಂದವ್ಳೆ. ಲೈಟು ಹೊಡೀತಲೂ ಬೆಚ್ಚಿಬಿದ್ದವ್ಳೆ. ಸತ್ತ ಮೇಲೆ ಬೇರೆ ಇರ್ಲಿಲ್ಲ, ಅದನ್ನೇ ದೊಡ್ಡದು ಮಾಡ್ಸಿ ಹಾಕುದ್ರು. ನಮ್ಮವ್ವ ಯಾವತ್ತೂ ಹಂಗೆ ಗಾಬ್ರಿಯಾಗಿ ನೋಡಿದೋಳಲ್ಲ. ಆದ್ರೆ ದಿನಾ ಅದನ್ನೇ ನೋಡಿ ನೋಡಿ, ಈಗ ಕಣ್ ಮುಚ್ಚಿದ್ರೂ ಆ ಗಾಬ್ರಿನೇ ಬರ್ತದೆ. ನಿಜವಾದ ಮುಖ ಹೊಂಟೋಯ್ತಾ ಐತೆ."

ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಊರ ಮಾತು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ನನ್ನ ಬೆರಳಿನಲ್ಲಿ ಒಂದು ಕಾಳು ಹಾಗೇ ನಿಂತಿತ್ತು.

ಕ್ಲಿಕ್ ಅಂದಿತು.

ಅವಳ ಮಡಿಲಲ್ಲಿ ಕ್ಯಾಮರಾ ಇದ್ದದ್ದನ್ನೇ ನಾನು ಮರೆತಿದ್ದೆ. ಒದ್ದೆಗೈಯಲ್ಲೇ ಒತ್ತಿದ್ದಳು. ಪರದೆ ನೋಡಿ, ನನ್ನ ಕಡೆ ತಿರುಗಿಸಿ, "ಸಿಕ್ರು" ಎಂದಳು.

ನೋಡಿದೆ. ಬಾಯಿ ಅರ್ಧ ತೆರೆದಿದೆ. ಮೂಗು ಬೇಕಾದ್ದಕ್ಕಿಂತ ದಪ್ಪ. ಯಾವ ಕೋನದಿಂದಲೂ ಸುಂದರಾಂಗನಲ್ಲ. ಆದರೆ ಪುರೋಹಿತರಲ್ಲ, ಚಿಕ್ಕಪ್ಪನಲ್ಲ, ಮಾವನಂತೂ ಅಲ್ಲ.

"ನೀವು ಯಾರ್ನಾದ್ರೂ ಆಡಿ ತೋರ್ಸೋಕೆ ಮುಂಚೆ ಅವ್ರನ್ನ ಇಂಗೆ ಕೇಳಿಸ್ಕೋತೀರಿ. ಹೊಳೆದಂಡೇಲಿ ಬಟ್ಟೆ ಒಗೆಯೋರ ಹತ್ರಾನೂ ನೋಡಿದೀನಿ. ಅದು ನಿಮ್ಮುಖ. ಆಮೇಲೆ ಬರೋದೆಲ್ಲ ಬೇರೆಯವ್ರದು."

ನಾನು ಏನೂ ಆಡಿ ತೋರಿಸಲಿಲ್ಲ. ಕೇಳಿದ್ದು ಒಂದೇ: "ನಿಮ್ಮವ್ವ ಹೆಂಗಿರೋರು?"

"ಇಂಗೇ ಕಾಳು ಹಿದುಕೋವಾಗ ಕೆಳತುಟಿ ಒಂದು ಕಡೆಗೆ ಕಚ್ಚೋಳು. ಕಣ್ಣಲ್ಲಿ ನಗು ಇರೋದು, ಬಾಯಿಗೆ ಬರ್ತಿರ್ಲಿಲ್ಲ."

"ನೀನೂ ಕಚ್ತೀಯ."

"ನಾನಾ? ಇಲ್ಲಪ್ಪ."

"ಇವತ್ತು ಬಂದಾಗಿಂದ ನೋಡ್ತಾ ಇವ್ನಿ. ಎಡಗಡೆಗೆ."

ಅವಳ ಕೈ ನಿಂತಿತು. ಗೋಡೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ಕೈ ಒರೆಸಿಕೊಂಡು ಕ್ಯಾಮರಾ ತೆಗೆದುಕೊಂಡೆ. "ನೀನು ಹಿದುಕು. ನನ್ನ ನೋಡ್ಬೇಡ, ಕಾಳು ನೋಡು" ಎಂದೆ.

ಹೇಳಿದರೆ ಆಗುತ್ತದೆಯೇ? ಅವಳ ಮುಖ ಬಿಗಿದು ಕಂಬವಾಯಿತು. ಫೋಟೋ ತೆಗೆಯುವವರೇ ಫೋಟೋಗೆ ಅತಿ ಕೆಟ್ಟವರು. ನಾನು ನಗಿಸಲಿಲ್ಲ, ಮಾತೂ ಆಡಲಿಲ್ಲ. ಕಾದೆ. ಬೇಸನ್ನಿನ ಕಾಳೆಲ್ಲ ಮುಗಿದವು. ತುಟಿ ಮಾತ್ರ ಕಚ್ಚಲಿಲ್ಲ.

ಮಾವ ಬಂದವರು, ಕ್ಯಾಮರಾ ಹಿಡಿದು ಮಂಡಿಯೂರಿ ಕೂತ ಅಳಿಯನನ್ನೂ ಬರಿದಾದ ಬೇಸನ್ನನ್ನೂ ನೋಡಿ, "ಏನ್ರಪ್ಪಾ ಇದು?" ಎಂದರು. ಅವಳು ಗೋಡೆಯ ಫೋಟೋ ತೋರಿಸಿ, ಅವ್ವ ತುಟಿ ಕಚ್ಚುತ್ತಿದ್ದುದನ್ನು ಹೇಳಿದಳು.

ಮಾವನ ಆ ಬಿಗಿದ ತುಟಿಯಿಂದ ಮಾತು ಹೊರಡುವುದು ಯುಗಾದಿಗೊಮ್ಮೆ. ಹಿತ್ತಿಲಿಗೆ ಹೋಗಿ, ಮಾರಲು ಕಟ್ಟಿಟ್ಟಿದ್ದ ಅವರೆಕಾಯಿ ಚೀಲವನ್ನು ಎಳೆದು ತಂದು ನಮ್ಮೆದುರು ಸುರಿದರು. ಪಡಸಾಲೆಯ ಅರ್ಧ ಭಾಗ ಹಸಿರಾಯಿತು. ತಾವೇ ಕೂತು ಒಂದು ಕಾಯಿ ಬಿಡಿಸಿದರು.

"ಬುಡುಸಿ. ರಾತ್ರಿಕೆ ನೆನೆ ಹಾಕವಾ. ನಾಳಿಕೆ ರಜ ಹಾಕ್ಕಳವ್ವ ನೀನು" ಎಂದರು ಮಗಳಿಗೆ. ಆಮೇಲೆ, ತಲೆಯೆತ್ತದೆ, ನನಗೆ: "ಅವ್ಳವ್ವನೂವೆ ಎಡಗಡೆಗೇಯಾ ಕಚ್ಚೋಳು. ಸರಿಯಾಗಿ ನೋಡಿದ್ದೀರಿ."