ದಿಮ್ಮಿ ತೆಗೆದ ಬೆಳಿಗ್ಗೆ

ಈಗಲೂ ಅಡುಗೆಮನೆಯಲ್ಲಿ ಏನಾದರೂ ಧೊಪ್ಪೆಂದು ಬಿದ್ದರೆ ನಾನು ಮೊದಲು ನೋಡುವುದು ನನ್ನ ಗಂಡನ ತಲೆ ಎಲ್ಲಿದೆ ಎಂದು. ಅವರು ಮನೆಯಲ್ಲಿ ಇಲ್ಲದಾಗಲೂ ನೋಡುತ್ತೇನೆ.

ಗುಂಡ್ಲುಪೇಟೆಯ ಹೊರಗೆ, ಚಾಮರಾಜನಗರದ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಮ್ಮ ವರ್ಕ್‌ಶಾಪ್ ಇದೆ. ರೇಷ್ಮೆ ನೂಲು ಬಿಚ್ಚುವ ಯಂತ್ರಗಳಿಗೆ, ಅರಿಸಿನ ಪಾಲಿಶ್ ಮಾಡುವ ಡ್ರಮ್ಮುಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ. ಸಿಎನ್‌ಸಿ ಮಿಲ್ಲಿಂಗ್ ಮಷೀನು ಕೊಯಮತ್ತೂರಿನಿಂದ ತಂದ ಹಳೆಯದು. ಅದರ ತಲೆ, ಅಂದರೆ ಕೊರೆಯುವ ಕಟ್ಟರನ್ನು ಹಿಡಿದಿರುವ ಭಾರದ ಕಬ್ಬಿಣ, ಮೇಲೆ ಕೆಳಗೆ ಓಡಾಡುತ್ತದೆ. ಕೆಳಗಿನ ಮೇಜು ಹಿಂದೆ ಮುಂದೆ, ಅಕ್ಕಪಕ್ಕ ಓಡಾಡುತ್ತದೆ. ಒಂದೊಂದು ಓಡಾಟಕ್ಕೂ ಒಂದೊಂದು ಮೋಟಾರು, ಅದನ್ನು ನಡೆಸಲು ಮಷೀನಿನ ಹಿಂದಿನ ಪೆಟ್ಟಿಗೆಯಲ್ಲಿ ಒಂದು ಡ್ರೈವ್. ನಾನು ಓದಿದ್ದು ಬಿ.ಕಾಂ. ಇದನ್ನೆಲ್ಲ ಶೆಡ್ಡಿನಲ್ಲಿ ನಿಂತು ನಿಂತು ಕಲಿತೆ.

ಒಂದು ವಾರದಿಂದ ತಲೆ ನಡುದಾರಿಯಲ್ಲೇ ನಿಲ್ಲತೊಡಗಿತ್ತು. ಅಲಾರಂ ಬರುವುದು, ಆರಿಸಿ ಹಾಕಿದರೆ ಹೋಗುವುದು, ಇನ್ನೊಂದು ತುಂಡು ಮುಗಿಯುವಷ್ಟರಲ್ಲಿ ಮತ್ತೆ ಬರುವುದು. ನಮ್ಮವರು ಬೇಗೂರಿನ ಗೆಳೆಯರೊಬ್ಬರನ್ನು ಕರೆಸಿದರು. ಅವರು ಮೈಸೂರಿನ ಕಾರ್ಖಾನೆಯಲ್ಲಿ ಇಂಥವನ್ನೇ ರಿಪೇರಿ ಮಾಡುತ್ತಿದ್ದವರು.

ಬಂದವರೇ ಮೇಜಿನ ಮೇಲೆ, ತಲೆಗೆ ಆನಿಕೆಯಾಗುವಂತೆ, ದಪ್ಪನೆಯ ಹೊನ್ನೆ ದಿಮ್ಮಿಯೊಂದನ್ನು ನಿಲ್ಲಿಸಿ ನಮ್ಮವರಿಗೆ ಹೇಳಿದರು:

"ಕರೆಂಟ್ ಇಲ್ದಾಗ ಇದನ್ನ ಇಡ್ಕಂಡಿರೋದು ಮೋಟ್ರೊಳಗಿನ ಬ್ರೇಕು ಒಂದೇ ಕಣ್ಲಾ. ಹಳೇ ಬ್ರೇಕು, ನಂಬ್ಬೇಡ. ಆನ್ ಮಾಡಿ ತಲೆ ಮೇಲಕ್ಕೆತ್ತಿದ್ ಮ್ಯಾಲೇ ದಿಮ್ಮಿ ತಗಿಬೇಕು."

ಆಮೇಲೆ ತಲೆಯ ಡ್ರೈವನ್ನೂ ಮೇಜಿನ ಡ್ರೈವನ್ನೂ ಅದಲು ಬದಲು ಮಾಡಿದರು. ಎರಡೂ ಒಂದೇ ನಮೂನೆಯವು. ಕೆಟ್ಟಿರುವುದು ಡ್ರೈವ್ ಆಗಿದ್ದರೆ ಈಗ ಮೇಜು ನಿಲ್ಲಬೇಕಿತ್ತು. ನಿಂತದ್ದು ತಲೆಯೇ. ಹಾಗಾದರೆ ತೊಂದರೆ ಮೋಟಾರಿನಲ್ಲಿ ಇಲ್ಲವೇ ಕೇಬಲ್ಲಿನಲ್ಲಿ. ಮತ್ತೆ ದಿಮ್ಮಿ ಆನಿಸಿ ಹುಡುಕಿದಾಗ, ಮೋಟಾರಿಗೆ ಸಿಕ್ಕಿಸುವ ಪ್ಲಗ್ಗಿನ ಒಳಗೆಲ್ಲ ಕೊರೆಯುವಾಗ ಸುರಿಯುವ ಎಣ್ಣೆ ನೀರು ಸೇರಿತ್ತು. ಅದನ್ನು ತೊಳೆದು, ರಾತ್ರಿಯೆಲ್ಲ ಆರಲು ಬಿಟ್ಟು, ಬೆಳಿಗ್ಗೆ ಮತ್ತೆ ಸಿಕ್ಕಿಸಿದರು.

ರಿಪೇರಿಯಾದ ಯಂತ್ರವನ್ನು ನಮ್ಮವರು ಬರಿದೇ ಓಡಿಸುವುದಿಲ್ಲ. ಹರದನಹಳ್ಳಿಯಲ್ಲಿ ಅವರಪ್ಪ ಪಂಪ್‌ಸೆಟ್ಟಿಗೂ ಹಾಗೆಯೇ ಮಾಡುತ್ತಿದ್ದರಂತೆ. ಮೂರು ಬೆರಳಲ್ಲಿ ವಿಭೂತಿ ಎಳೆದು, ಕರ್ಪೂರ ಹಚ್ಚಿ, ಯಂತ್ರಕ್ಕೆ ಹಣೆ ಮುಟ್ಟಿಸಿ ಎದ್ದ ಮೇಲೆಯೇ ಕೆಲಸ. ಆದರೆ ಕರ್ಪೂರದ ತಟ್ಟೆ ಇಡಬೇಕಾದ ಜಾಗದಲ್ಲಿ ದಿಮ್ಮಿ ನಿಂತಿತ್ತು.

"ಊರುಗೋಲು ಕೊಟ್ಟು ನಿಲ್ಸಿರೋ ದೇವ್ರಿಗೆ ಯಾರಾರ ಮಂಗಳಾರತಿ ಎತ್ತಾರಾ?" ಎಂದು ನಮ್ಮವರು ನಗುತ್ತ ಅದನ್ನು ತೆಗೆದು ನೆಲಕ್ಕಿಟ್ಟರು. ನಾನೂ ನಕ್ಕೆ. ಆ ಜಾಗದಲ್ಲಿ ಹಿತ್ತಾಳೆ ತಟ್ಟೆಯಿಟ್ಟು ಕರ್ಪೂರ ಹಚ್ಚಿದರು.

ಗೆಳೆಯರು ಹಿಂದಿನ ಪೆಟ್ಟಿಗೆಯ ಹತ್ತಿರ ಇದ್ದರು. ಅವರಿಗೆ ಇದು ಕಾಣುತ್ತಿರಲಿಲ್ಲ. ಅಲ್ಲಿಂದಲೇ ಕೂಗಿದರು: "ಆಯ್ತೇನ್ಲಾ ಪೂಜಾರಪ್ಪ? ನಿನ್ ಮಂತ್ರ ಮುಗಿಯಾಗಂಟ ಬೇಗೂರ್ ಬಸ್ಸು ಒಂಟೋಯ್ತದೆ!"

"ಆಯ್ತು, ಸ್ವಿಚ್ ಆಕ್ಲಾ!" ಎಂದ ನಮ್ಮವರು, ಹಾಗೆ ಅಂದ ಮೇಲೆ ಮೇಜಿಗೆ ಹಣೆ ಮುಟ್ಟಿಸಲು ಬಗ್ಗಿದರು.

ಹಿಂದೆ ಸ್ವಿಚ್ಚು ತಿರುಗಿದ ಸದ್ದು ಕೇಳಿಸಿತು. ಅವರ ಕುತ್ತಿಗೆ ಆ ಕಬ್ಬಿಣದ ಕೆಳಗಿತ್ತು. ಕಾಲರಿನ ಮೇಲೆ ಹಳೆಯ ಗ್ರೀಸಿನ ಕಲೆ. ಏಳಿ ಎನ್ನಬೇಕು. ನಾನು ಆ ಕಲೆಯನ್ನೇ ನೋಡುತ್ತ ನಿಂತಿದ್ದೆ. ಕೈಯೂ ಏಳಲಿಲ್ಲ.

ಅವರೇ ಎದ್ದರು. ನನ್ನ ಕಡೆ ತಿರುಗಿ, "ಬಾಮ್ಮಿ, ಆರ್ತಿ ತಕೊ" ಅಂದರು.

ತಲೆ ಬಿತ್ತು. ಇಡೀ ಶೆಡ್ಡಿನ ತಗಡು ನಡುಗಿತು. ಹಿತ್ತಾಳೆ ತಟ್ಟೆ ಮಡಚಿಕೊಂಡಿತ್ತು, ಕರ್ಪೂರ ಎಲ್ಲಿ ಹೋಯಿತೋ ಕಾಣಲಿಲ್ಲ. ಅಲಾರಂ ಆಮೇಲೆ ಕೂಗಿತು.

ಗೆಳೆಯರು ಓಡಿ ಬಂದು ನೆಲದ ಮೇಲಿನ ದಿಮ್ಮಿ ನೋಡಿದರು. "ಯಾವನ್ಲಾ ಇದನ್ನ ತಗ್ದೋನು?" ನಮ್ಮವರು ತಮ್ಮ ಹಣೆ ಮುಟ್ಟಿಕೊಳ್ಳುತ್ತಿದ್ದರು. ಸ್ವಿಚ್ಚು ತಿರುಗಿಸಿದ ಮೇಲೆ ಡ್ರೈವ್ ಆನ್ ಆಗಲು ಕೆಲವು ಕ್ಷಣ ಬೇಕು, ಆನ್ ಆದ ಕೂಡಲೇ ಬ್ರೇಕು ಬಿಡುತ್ತದೆ, ಆ ಗಳಿಗೆಯಿಂದ ಮೋಟಾರು ತಲೆಯನ್ನು ಹಿಡಿಯಬೇಕು. ಪ್ಲಗ್ಗು ಅರ್ಧ ಮಾತ್ರ ಕೂತಿತ್ತು, ಮೋಟಾರಿಗೆ ಕರೆಂಟು ಹೋಗಲಿಲ್ಲ. ಇಷ್ಟು ಹೇಳಿದ ಗೆಳೆಯರು, ಪ್ಲಗ್ಗನ್ನು ಬಿಗಿಯಲು ಆಗದೆ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕೂತರು. ಊಟಕ್ಕೆ ಕರೆದರೆ ಬರಲಿಲ್ಲ.

ಈಗ ಹೊಸ ಬ್ರೇಕು ಬಂದಿದೆ. ಮಷೀನು ನಿಲ್ಲದೆ ಓಡುತ್ತಿದೆ. ನಮ್ಮವರು ವಿಭೂತಿಯನ್ನು ದಿಮ್ಮಿಗೂ ಎಳೆಯುತ್ತಾರೆ, ಕರ್ಪೂರ ಬಾಗಿಲಿನ ಹೊರಗೆ.

ಮೊನ್ನೆ ಬೆಳಿಗ್ಗೆ ಬುತ್ತಿ ಕೊಡಲು ಹೋದಾಗ ಅವರು ಆನ್ ಮಾಡುವ ಮುಂಚೆ ಅಭ್ಯಾಸದಂತೆ ಮೇಜಿನ ಕಡೆ ಬಗ್ಗಿದರು. ಅರ್ಧಕ್ಕೇ ನಿಂತರು. ನಾನು ಅವರ ಕಾಲರ್ ಹಿಡಿದಿದ್ದೆ.

"ಬುಡಮ್ಮಿ, ದಿಮ್ಮಿ ಅದೆ" ಅಂದರು.

ದಿಮ್ಮಿ ಇತ್ತು. ನನಗೂ ಕಾಣುತ್ತಿತ್ತು. ಆದರೂ ಕಾಲರ್ ಬಿಡಲಿಲ್ಲ.